ಹತ್ತು ರೂಪಾಯಿಯ ರೇಡಿಯೋ

ತಿಂಗಳಾದ್ರೆ ಹಾಡಿಗೊಂದು, ಸಿನಿಮಾಕ್ಕೊಂದು, ಕ್ರಿಕೆಟ್ಟಿಗೊಂದು ಅಂತ ಆ್ಯಪ್‌ಗಳಿಗೆ ನಮ್ಮ ಖಾತೆಯಿಂದ ದುಡ್ಡು ತಾನಾಗೇ ಕಟ್ ಆಗುತ್ತೆ. ಇದು ನಮ್ಮ ಕಾಲದ ಹೊಸ ಕಾಯಿಲೆ ಅಂದ್ಕೊಂಡಿದ್ರೆ ಮನೆಯ ಹಿರಿಯರನ್ನು ಒಂದ್ಸಲ ಕೇಳಿ ನೋಡಿ. ಅಂಚೆ ಕಚೇರಿಗೆ ಹೋಗಿ ವರ್ಷದ ಶುಲ್ಕ ಕಟ್ಟಿ, ಒಂದು ಪುಟ್ಟ ಪುಸ್ತಕಕ್ಕೆ ಸ್ಟಾಂಪ್ ಹಚ್ಚಿಸಿಕೊಂಡು ಬರದಿದ್ದರೆ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳುವುದೇ ಅಪರಾಧವಾಗಿದ್ದ ಕಾಲ ಒಂದಿತ್ತು.

ಶುರು ಮಾಡಿದ್ದು ಸರ್ಕಾರವಲ್ಲ, ಖಾಸಗಿ ಕಂಪನಿ. 1927ರ ಜುಲೈನಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಬೊಂಬಾಯಿಯಲ್ಲಿ ಕೇಂದ್ರ ತೆರೆಯಿತು, ಮುಂದಿನ ತಿಂಗಳು ಕಲ್ಕತ್ತೆಯಲ್ಲಿ. ಕೇಳುಗರು ವರ್ಷಕ್ಕೆ 10 ರೂಪಾಯಿ ಲೈಸೆನ್ಸ್ ಶುಲ್ಕ ಕಟ್ಟಬೇಕು, ಅದರಲ್ಲಿ 8 ರೂಪಾಯಿ ಕಂಪನಿಗೆ. ಕಾಗದದ ಮೇಲೆ ಚೆಂದದ ಲೆಕ್ಕ, ನಮ್ಮ ಸ್ಟಾರ್ಟಪ್‌ಗಳ ಸ್ಲೈಡ್‌ಗಳ ಹಾಗೆ. ಆದರೆ ಎರಡೂವರೆ ವರ್ಷ ಕಳೆದರೂ ಲೈಸೆನ್ಸ್‌ಗಳ ಸಂಖ್ಯೆ ಎಂಟು ಸಾವಿರ ದಾಟಲಿಲ್ಲ. ತಲೆಗೆ ಎಂಟು ರೂಪಾಯಿಯಂತೆ ಗುಣಿಸಿ ನೋಡಿ: ವರ್ಷಕ್ಕೆ 64 ಸಾವಿರ ಕೂಡ ಆಗಲ್ಲ. ಅಷ್ಟರಲ್ಲಿ ಎರಡು ಊರಲ್ಲಿ ಸ್ಟುಡಿಯೋ, ಎಂಜಿನಿಯರು, ಹಾಡುವವರು, ವಾದ್ಯದವರು! 1930ರ ಮಾರ್ಚ್‌ನಲ್ಲಿ ಕಂಪನಿ ಬಾಗಿಲು ಹಾಕಿತು.

ಸರ್ಕಾರ ಅದನ್ನು ವಹಿಸಿಕೊಂಡಿತಾದರೂ ಅಷ್ಟೇನೂ ಪ್ರೀತಿಯಿಂದಲ್ಲ. 1931ರ ಅಕ್ಟೋಬರ್‌ನಲ್ಲಿ ಮುಚ್ಚಿಬಿಡೋಣ ಅಂತ ಆದೇಶ ಹೊರಡಿಸಿತು, ಗಲಾಟೆಯಾದ ಮೇಲೆ ನವೆಂಬರ್‌ನಲ್ಲಿ ವಾಪಸ್ ತಗೊಂಡಿತು. ಖರ್ಚಿಗೆ ದುಡ್ಡೆಲ್ಲಿ? ಆಮದಾಗುವ ರೇಡಿಯೋ ಸೆಟ್ಟುಗಳ ಮೇಲಿನ ಸುಂಕವನ್ನು ಎರಡರಷ್ಟು ಮಾಡಿ 50 ಪ್ರತಿಶತಕ್ಕೆ ಏರಿಸಿದರು. 1932ರ ಕೊನೆಗೆ ಬಿಬಿಸಿ ತನ್ನ ಎಂಪೈರ್ ಸರ್ವಿಸ್ ಶುರು ಮಾಡಿತು ನೋಡಿ, ಇಲ್ಲಿದ್ದ ಯುರೋಪಿಯನ್ನರು ಸೆಟ್ಟು ಕೊಳ್ಳೋಕೆ ಮುಗಿಬಿದ್ದರು. ಲಂಡನ್ ಕೇಳುವವರ ದುಡ್ಡಲ್ಲಿ ನಮ್ಮ ಬಾನುಲಿ ಉಸಿರು ಹಿಡಿದುಕೊಂಡಿತು. 1933ರ ಕಾಯ್ದೆ ಬಂದು ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಳ್ಳುವುದು ಶಿಕ್ಷಾರ್ಹವಾಯಿತು. 1936ರಲ್ಲಿ ಆಲ್ ಇಂಡಿಯಾ ರೇಡಿಯೋ ಅನ್ನೋ ಹೆಸರು. ಬಿಬಿಸಿಯಿಂದ ಬಂದ ಲಯನೆಲ್ ಫೀಲ್ಡನ್ ಆ ಹೆಸರು ವೈಸ್‌ರಾಯ್‌ಗೇ ಹೊಳೆದದ್ದು ಅನ್ನೋ ಹಾಗೆ ನಾಟಕ ಮಾಡಿ ಒಪ್ಪಿಸಿದ್ದನಂತೆ.

ಇದೇ ಹೊತ್ತಿಗೆ ಮೈಸೂರಲ್ಲಿ ಒಬ್ಬರು ಯಾರ ಲೈಸೆನ್ಸ್ ಹಣಕ್ಕೂ ಕಾಯಲಿಲ್ಲ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್‌ನಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಮನೆಯ ಒಂದು ಹಳೇ ಬಲ್ಬಿನಷ್ಟೂ ಇಲ್ಲದ ಶಕ್ತಿ! ಅದಕ್ಕಿಟ್ಟ ಹೆಸರು ಆಕಾಶವಾಣಿ. ದೇಶದ ರೇಡಿಯೋಗೆ ಆ ಹೆಸರು ಬಂದದ್ದು ಎರಡು ದಶಕದ ನಂತರ. ಆದರೆ ಒಬ್ಬರ ಹುರುಪಿನಲ್ಲಿ ಎಷ್ಟು ದಿನ ನಡೆದೀತು? 40ರ ದಶಕದಲ್ಲಿ ಅದನ್ನು ಮೈಸೂರು ಸಂಸ್ಥಾನ ನಡೆಸಿತು, 1950ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡಿತು.

ಸ್ವಾತಂತ್ರ್ಯದ ನಂತರ ಶುಲ್ಕ 15 ರೂಪಾಯಿಯಾಯಿತು. ಇಲ್ಲಿ ಒಂದು ಸೂಕ್ಷ್ಮ ಇದೆ, ಇಡೀ ಕತೆಯ ಗಂಟು ಇಲ್ಲೇ ಅನ್ನೋದು ನನ್ನ ಅನಿಸಿಕೆ. ಬ್ರಿಟನ್ನಿನಲ್ಲಿ ಲೈಸೆನ್ಸ್ ಹಣ ಬಿಬಿಸಿಯ ಬೆನ್ನೆಲುಬು. ನಮ್ಮಲ್ಲಿ ಆಕಾಶವಾಣಿ ಒಂದು ಸರ್ಕಾರಿ ಇಲಾಖೆ. ಕೇಳುಗ ಕಟ್ಟಿದ್ದು ಖಜಾನೆಗೆ, ಆಕಾಶವಾಣಿಗೆ ಸಿಕ್ಕಿದ್ದು ಬಜೆಟ್ಟಿನಲ್ಲಿ ಮಂತ್ರಿಗಳು ಕೊಟ್ಟಷ್ಟು. ದುಡ್ಡು ಕೊಟ್ಟವನ ಮಾತು ನಡೆಯುತ್ತೆ ತಾನೆ? 1952ರಲ್ಲಿ ಮಂತ್ರಿಯಾದ ಬಿ.ವಿ. ಕೇಸ್ಕರ್‌ಗೆ ಸಿನಿಮಾ ಹಾಡು ಕಂಡರಾಗುತ್ತಿರಲಿಲ್ಲ. ಹಾಡು ನಿಂತವು. ಜನ ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿಸಿ 'ಬಿನಾಕಾ ಗೀತಮಾಲಾ' ಕೇಳಿದರು. ಲೈಸೆನ್ಸ್ ಹಣ ಇಲ್ಲಿನ ಪೋಸ್ಟಾಫೀಸಿಗೆ, ಕಿವಿ ಕೊಲಂಬೋಗೆ, ಟೂತ್‌ಪೇಸ್ಟ್ ಕಂಪನಿಯ ಜಾಹೀರಾತಿನ ದುಡ್ಡೂ ಅಲ್ಲಿಗೇ! 1957ರಲ್ಲಿ ವಿವಿಧ ಭಾರತಿ ಹುಟ್ಟಿದ್ದು ಇದಕ್ಕೆ ಉತ್ತರವಾಗಿ. ಆದರೆ ಅದರಲ್ಲಿ ಜಾಹೀರಾತು ಬರೋಕೆ ಇನ್ನೂ ಹತ್ತು ವರ್ಷ ಬೇಕಾಯಿತು.

ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಂದು, ತುರ್ತು ಪರಿಸ್ಥಿತಿಯ ನಟ್ಟನಡುವೆ. ಸುದ್ದಿ ಪೂರ್ತಿ ಸರ್ಕಾರದ್ದು, ನಡುನಡುವೆ ಸೋಪು. 80ರ ದಶಕದ ಮಧ್ಯದಲ್ಲಿ, 'ಹಮ್ ಲೋಗ್' ಥರದ ಪ್ರಾಯೋಜಿತ ಧಾರಾವಾಹಿಗಳ ಭರಾಟೆಯಲ್ಲಿ, ರೇಡಿಯೋ-ಟಿವಿ ಲೈಸೆನ್ಸ್ ಶುಲ್ಕವನ್ನೇ ತೆಗೆದುಹಾಕಿದರು. ಸಾಲಲ್ಲಿ ನಿಲ್ಲೋ ರಗಳೆ ತಪ್ಪಿತು ಅಂತ ಎಲ್ಲರಿಗೂ ಖುಷಿ. ಆದರೆ ಕೇಳುಗನಿಗೂ ರೇಡಿಯೋಗೂ ಇದ್ದ ಆ ತೆಳ್ಳಗಿನ ದಾರವೂ ಕಡಿಯಿತು. ಅಲ್ಲಿಂದ ಮುಂದೆ ಆಕಾಶವಾಣಿಗೆ ಇಬ್ಬರೇ ಯಜಮಾನರು, ಸರ್ಕಾರ ಮತ್ತು ಜಾಹೀರಾತುದಾರರು.

ಸ್ವಾಯತ್ತತೆಗೆ ಅಂತ ಪ್ರಸಾರ ಭಾರತಿ ಕಾಯ್ದೆ ಬಂದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ಏಳು ವರ್ಷ ಕಾಯ್ದೆ ಕಪಾಟಿನಲ್ಲೇ ಇತ್ತು! ಇವತ್ತಿಗೂ ಸಂಬಳದ ದೊಡ್ಡ ಪಾಲು ಸರ್ಕಾರದ ಅನುದಾನದಿಂದಲೇ. ಟ್ರಾನ್ಸ್‌ಮಿಟರ್, ಸ್ಟುಡಿಯೋ ಇತ್ಯಾದಿಗಳ ನವೀಕರಣದ ಯೋಜನೆಗೆ 2023ರ ಜನವರಿಯಲ್ಲಿ 2,539.61 ಕೋಟಿ ರೂಪಾಯಿ ಮಂಜೂರು ಮಾಡಿದ್ದೂ ಕೇಂದ್ರ ಸಂಪುಟವೇ.

ಸರ್ಕಾರದ ದುಡ್ಡು ಬೇಡ, ಗಳಿಸಿ ಬದುಕಲಿ ಅಂತ ನಮ್ಮ ಆಫೀಸುಗಳ ಟೀ ಬ್ರೇಕಿನಲ್ಲಿ ಹೇಳೋದು ಸುಲಭ. ಮಡಿಕೇರಿಯಿಂದ ಕೊಡವ ಭಾಷೆಯಲ್ಲಿ, ಮಂಗಳೂರಿನಿಂದ ತುಳುವಿನಲ್ಲಿ ಬರುವ ಕಾರ್ಯಕ್ರಮಗಳಿಗೆ, ಬೆಂಗಳೂರಿನಲ್ಲಿ ಶಾಸ್ತ್ರೀಯ ಸಂಗೀತಕ್ಕೇ ಅಂತ ಶುರುವಾದ 'ಅಮೃತವರ್ಷಿಣಿ'ಗೆ ಯಾವ ಸೋಪಿನ ಕಂಪನಿ ಸಾಲುಗಟ್ಟಿ ನಿಂತಿದೆ? ರೈತರ ಕಾರ್ಯಕ್ರಮದ ಮಾತಂತೂ ಬಿಡಿ. ಈ ಖರ್ಚನ್ನು ಯಾರಾದರೂ ಹೊರಬೇಕು, ಹೊತ್ತವರು ಸುದ್ದಿಯ ಮೇಲೆ ಕೈ ಇಡಬಾರದು. 1927ರಿಂದ ಬಿಡಿಸದೆ ಉಳಿದಿರೋ ಲೆಕ್ಕ ಇದು. ಅಂಚೆ ಕಚೇರಿಯಲ್ಲಿ ಸ್ಟಾಂಪ್ ಹಚ್ಚಿಸಿಕೊಂಡವರಿಗಾದರೂ ತಾವು ಎಷ್ಟು ಕೊಡ್ತಿದ್ದೀವಿ ಅನ್ನೋದು ಗೊತ್ತಿತ್ತು. ನಮ್ಮ ತೆರಿಗೆಯಿಂದ ಆಕಾಶವಾಣಿಗೆ ವರ್ಷಕ್ಕೆ ಎಷ್ಟು ರೂಪಾಯಿ ಹೋಗುತ್ತೆ ಅಂತ ನಮ್ಮಲ್ಲಿ ಯಾರೂ ಲೆಕ್ಕ ಹಾಕಿದಂತಿಲ್ಲ.