ಬಣ್ಣ ಮುರಿಯುವ ಕಿಣ್ವಗಳು

ಕೃತಕ ಬಣ್ಣ ಮತ್ತು ಕೀಟನಾಶಕಗಳನ್ನು ಮುರಿಯುವ ಶಿಲೀಂಧ್ರಗಳ, ಬ್ಯಾಕ್ಟೀರಿಯಾಗಳ ಕಿಣ್ವಗಳಲ್ಲಿ ಹೆಚ್ಚಿನವು ಆ ಕೆಲಸಕ್ಕೆಂದೇ ಹುಟ್ಟಿದವಲ್ಲ. ಕಾಡಿನಲ್ಲಿ ಬಿದ್ದ ಮರವನ್ನು ಕೊಳೆಸಲು ಇದ್ದದ್ದು ಕಾರ್ಖಾನೆಯ ನೀರಿಗೂ ಒದಗಿತು. ಹೈದರಾಬಾದಿಗೆ ಇದು ಹತ್ತಿರದ ವಿಷಯ. ಜೀಡಿಮೆಟ್ಲ, ಬಾಲಾನಗರಗಳ ಕಾರ್ಖಾನೆ ನೀರು ಕೂಕಟ್‌ಪಲ್ಲಿ ನಾಲೆ ಹಿಡಿದು ದಶಕಗಳ ಕಾಲ ಹುಸೇನ್‌ಸಾಗರಕ್ಕೆ ಬಂತು. ಕೆರೆ ತುಂಬಿ ಹೊರಬಿದ್ದದ್ದು ಹಿಮಾಯತ್‌ನಗರದ ಆಸುಪಾಸಿನ ನಾಲೆಯಲ್ಲಿ ಹರಿದು ಮೂಸಿ ನದಿಗೆ ಸೇರುತ್ತದೆ. ಪಟಾನ್‌ಚೆರು ಮತ್ತು ಬೊಲ್ಲಾರಂನ ಔಷಧ ಕಾರ್ಖಾನೆಗಳ ತ್ಯಾಜ್ಯಕ್ಕೆ ನಕ್ಕವಾಗು ಹಳ್ಳ ದಾರಿಯಾಯಿತು. ಆ ಹಳ್ಳ ಕೂಡುವುದು, ಬೀದರ್ ಜಿಲ್ಲೆಯನ್ನು ಹಾದು ಬರುವ ಮಂಜೀರಾ ನದಿಯನ್ನು.

ಈ ಕಿಣ್ವಗಳಲ್ಲಿ ಮೊದಲು ಕಂಡದ್ದು ಲ್ಯಾಕೇಸ್. ಜಪಾನಿನ ಹಿಕೊರೊಕುರೊ ಯೋಶಿದಾ 1883ರಲ್ಲಿ ಲ್ಯಾಕರ್ ಮರದ ಹಾಲು ಗಾಳಿಗೆ ಗಟ್ಟಿಯಾಗುವುದೇಕೆಂದು ಪರೀಕ್ಷಿಸಿದರು. ಕಾಯಿಸಿದರೆ ಕೆಡುವ ಯಾವುದೋ ವಸ್ತು ಅದಕ್ಕೆ ಕಾರಣವೆಂದು ತಿಳಿಯಿತು. 1890ರ ದಶಕದಲ್ಲಿ ಫ್ರಾನ್ಸಿನ ಗೇಬ್ರಿಯಲ್ ಬರ್ತ್ರಾಂ ಅದಕ್ಕೆ ಹೆಸರಿಟ್ಟರು, ಅಣಬೆಗಳಲ್ಲಿಯೂ ಅದು ಇದೆಯೆಂದು ತೋರಿಸಿದರು. ಲ್ಯಾಕೇಸಿನೊಳಗೆ ತಾಮ್ರದ ನಾಲ್ಕು ಪರಮಾಣುಗಳಿವೆ. ಎದುರಿನ ಅಣುವಿನಿಂದ ಎಲೆಕ್ಟ್ರಾನುಗಳನ್ನು ಕಿತ್ತು ಗಾಳಿಯ ಆಮ್ಲಜನಕಕ್ಕೆ ದಾಟಿಸುವುದು ಅವುಗಳ ಕೆಲಸ. ಕೊನೆಗೆ ಉಳಿಯುವ ಉಪವಸ್ತು ಬರೀ ನೀರು. ಇಷ್ಟು ಚೊಕ್ಕವಾದ ಕಿಣ್ವಕ್ಕೆ ಬಣ್ಣದ ನೀರಿನಲ್ಲಿ ಕೆಲಸ ಸಿಗಲು ಸುಮಾರು ನೂರು ವರ್ಷ ಬೇಕಾಯಿತು.

ಬಣ್ಣಗಳ ಕಥೆ ಅದಕ್ಕಿಂತ ಹಳೆಯದು. ವಿಲಿಯಂ ಪರ್ಕಿನ್ 1856ರಲ್ಲಿ ಡಾಂಬರಿನ ಮೂಲದಿಂದ ನೇರಳೆ ಬಣ್ಣ ತೆಗೆದರು. 1858ರಲ್ಲಿ ಪೀಟರ್ ಗ್ರೀಸ್ ಕಂಡುಹಿಡಿದ ರಾಸಾಯನಿಕ ಕ್ರಿಯೆ ಅಜೋ ಬಣ್ಣಗಳಿಗೆ ಬಾಗಿಲು ತೆರೆಯಿತು. ಎರಡು ಸಾರಜನಕ ಪರಮಾಣುಗಳ ಜೋಡಿಬಂಧ ಇವುಗಳ ಜೀವಾಳ. ಬಿಸಿಲು, ಸೋಪು, ಬೆವರು ಯಾವುದಕ್ಕೂ ಬಣ್ಣ ಬಿಡಬಾರದು ಎಂಬುದೇ ತಯಾರಕರ ಗುರಿಯಾಗಿತ್ತು. ಸೀರೆಯ ಮೇಲೆ ಮೆಚ್ಚಿಗೆಯಾದ ಆ ಗುಣವೇ ಹಳ್ಳದ ನೀರಿನಲ್ಲಿ ತಲೆನೋವಾಯಿತು.

ತಿರುವು ಬಂದದ್ದು 1983ರಲ್ಲಿ. ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ನನ್ನು ತಿಂದು ಬಿಳಿಯ ನಾರನ್ನಷ್ಟೇ ಉಳಿಸುವ ಫನೆರೊಕೀಟೆ ಕ್ರೈಸೊಸ್ಪೋರಿಯಂ ಎಂಬ ಶಿಲೀಂಧ್ರದಲ್ಲಿ ಅಮೆರಿಕದ ಎರಡು ತಂಡಗಳು ಲಿಗ್ನಿನ್ ಪೆರಾಕ್ಸಿಡೇಸನ್ನು ಕಂಡವು. ಮರುವರ್ಷ ಮ್ಯಾಂಗನೀಸ್ ಪೆರಾಕ್ಸಿಡೇಸ್ ಸಿಕ್ಕಿತು. ಲಿಗ್ನಿನ್ನಿಗೆ ಒಂದು ನಿಶ್ಚಿತ ಆಕಾರವಿಲ್ಲ. ಅದನ್ನು ಮುರಿಯುವ ಕಿಣ್ವವೂ ಆಕಾರ ನೋಡಿ ಹಿಡಿಯುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡಿನ ಬಲದಿಂದ ಎಲೆಕ್ಟ್ರಾನ್ ಕಿತ್ತು ಅಣುವನ್ನು ಅಸ್ಥಿರಗೊಳಿಸುತ್ತದೆ, ಅದು ತಾನಾಗಿ ಒಡೆಯುತ್ತದೆ. ಹಾಗಾಗಿ 1983ರಲ್ಲೇ ಈ ಶಿಲೀಂಧ್ರ ಬಣ್ಣಗಳನ್ನೂ ಬಿಳುಪಾಗಿಸಿದ್ದು ವರದಿಯಾಯಿತು. 1985ರಲ್ಲಿ ಡಿಡಿಟಿ, ಲಿಂಡೇನ್‌ಗಳನ್ನೂ ಮುರಿದ ಸುದ್ದಿ ಬಂತು. ಒಂದು ತೊಡಕು ಮಾತ್ರ ಉಳಿಯಿತು: ಸಾರಜನಕದ ಕೊರತೆಯಾದಾಗಲೇ ಶಿಲೀಂಧ್ರ ಈ ಕಿಣ್ವಗಳನ್ನು ಸುರಿಸುವುದು. ಅಂದರೆ ಕೆಲಸ ಬೇಕಾದರೆ ಅದನ್ನು ಅರೆಹೊಟ್ಟೆಯಲ್ಲಿಡಬೇಕು, ಕೊಳೆನೀರಿನಲ್ಲೋ ಸಾರಜನಕ ಧಾರಾಳ. ಬೇರೆ ಅಣಬೆಗಳತ್ತಲೂ ಹುಡುಕಾಟ ಹರಿಯಿತು: ಅನಂತಪುರದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಸ್ಟೀರಿಯಂ ಆಸ್ಟ್ರಿಯಾ ಎಂಬ ಮರದಣಬೆಯ ಲ್ಯಾಕೇಸಿನ ಮೇಲೆ ಅಧ್ಯಯನ ನಡೆಯಿತು.

ಬ್ಯಾಕ್ಟೀರಿಯಾಗಳ ದಾರಿ ಬೇರೆ. ಅವುಗಳ ಅಜೋರಿಡಕ್ಟೇಸ್ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳದೆ ಜೋಡಿಬಂಧಕ್ಕೆ ಸೇರಿಸುತ್ತದೆ. ಬಂಧ ಕಡಿದು ಬಣ್ಣ ಮಾಯವಾಗುತ್ತದೆ. ಆದರೆ ಉಳಿಯುವ ಎರಡು ತುಂಡುಗಳು ಅಮೈನುಗಳು. ಬೆಂಜಿಡೀನಿನಂಥವು ಮೂತ್ರಕೋಶದ ಕ್ಯಾನ್ಸರಿಗೆ ಕಾರಣ. ತಿಳಿಯಾದ ನೀರನ್ನು ಕಂಡು ಶುದ್ಧವಾಯಿತೆಂದು ನಂಬಿದ ಪ್ರಯೋಗಗಳು ಈ ಕ್ಷೇತ್ರದ ಮೊದಲ ದಶಕಗಳಲ್ಲಿ ಕಡಿಮೆಯಿಲ್ಲ. ಭಾರತ 1997ರಲ್ಲಿ ಇಂಥ ಅಮೈನುಗಳನ್ನು ಬಿಡುವ ಹಲವು ಬಣ್ಣಗಳನ್ನು ನಿಷೇಧಿಸಿತು. ಇನ್ನೊಂದು ತೊಡಕು: ಆಮ್ಲಜನಕವಿದ್ದರೆ ಎಲೆಕ್ಟ್ರಾನುಗಳು ಜೋಡಿಬಂಧಕ್ಕೆ ಸೇರದೆ ಅದರ ಪಾಲಾಗುತ್ತವೆ. ಆದ್ದರಿಂದ ಮೊದಲ ತೊಟ್ಟಿಯಲ್ಲಿ ಗಾಳಿಯಿಲ್ಲದೆ ಬಂಧ ಕಡಿಸಿ, ಎರಡನೆಯದರಲ್ಲಿ ಗಾಳಿಯೂದಿ ಅಮೈನುಗಳನ್ನು ಮುಗಿಸುವ ಪದ್ಧತಿ ಬೆಳೆಯಿತು.

ಕೀಟನಾಶಕದಲ್ಲಿ ಲೆಕ್ಕ ತಿರುಗುಮುರುಗು: ಇಲ್ಲಿ ಬಣ್ಣ ಮೂಡಿದರೆ ವಿಷ ಮುರಿಯಿತೆಂದು ಅರ್ಥ. ಪ್ಯಾರಾಥಯಾನ್ ಎಂಬ ಕೀಟನಾಶಕ ಒಡೆದಾಗ ಹೊರಬೀಳುವ ನೈಟ್ರೋಫಿನಾಲ್ ಹಳದಿ. ಎನ್. ಸೇತುನಾಥನ್ ಮತ್ತು ಟಿ. ಯೋಶಿದಾ 1973ರಲ್ಲಿ, ಡಯಾಜಿನಾನ್ ಹಾಕಿದ ಫಿಲಿಪ್ಪೀನ್ಸಿನ ಭತ್ತದ ಗದ್ದೆಯಿಂದ ಈ ಬಗೆಯ ವಿಷ ಮುರಿಯುವ ಫ್ಲೇವೊಬ್ಯಾಕ್ಟೀರಿಯಂ ಒಂದನ್ನು ಬೇರ್ಪಡಿಸಿದ್ದರು. ಅದರ ಕಿಣ್ವದ ವಂಶವಾಹಿ ಓಪಿಡಿಯನ್ನು, ಬಳಿಕ ಹೈದರಾಬಾದ್ ವಿಶ್ವವಿದ್ಯಾಲಯಕ್ಕೆ ಬಂದ ದಯಾನಂದ ಸಿದ್ದವಟ್ಟಂ ಅವರ ತಂಡ ದೀರ್ಘಕಾಲ ಹಿಂಬಾಲಿಸಿತು. ಅದು ನೆಗೆದು ಜಾಗ ಬದಲಿಸಬಲ್ಲ ತುಣುಕಿನಂತಿದೆಯೆಂದು 2003ರಲ್ಲಿ ತೋರಿಸಿತು. ಆ ವಂಶವಾಹಿಯನ್ನು ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರ ಸುಮಾರು 37 ಸಾವಿರ ಅಕ್ಷರಗಳಷ್ಟು ಉದ್ದ, ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಬೇರೆ ಖಂಡದ, ಬೇರೆ ಜಾತಿಯ ಬ್ಯಾಕ್ಟೀರಿಯಾದಲ್ಲಿ ಅದೇ ವಂಶವಾಹಿ ಹೇಗೆ ಬಂತೆಂಬ ಪ್ರಶ್ನೆಗೆ ಇದು ಸುಳಿವು ಕೊಟ್ಟಿತು.

1999ರಲ್ಲಿ ಜಪಾನಿನಿಂದ ಬಣ್ಣ ಬಿಳುಪಿಸುವ ಪೆರಾಕ್ಸಿಡೇಸುಗಳೆಂಬ ಹೊಸ ಕುಟುಂಬದ ಮೊದಲ ಕಿಣ್ವ ವರದಿಯಾಯಿತು. ಆದರೂ ಮಾರುಕಟ್ಟೆಯಲ್ಲಿ ಲ್ಯಾಕೇಸ್ ಹೆಸರು ಮಾಡಿದ್ದು ಕೊಳೆನೀರಿನಿಂದಲ್ಲ, ಜೀನ್ಸ್ ಬಟ್ಟೆಯ ನೀಲಿಯನ್ನು ಮಾಸಿಸಿ ಹಳತರಂತೆ ಕಾಣಿಸುವ ಕೆಲಸದಿಂದ. ಬಣ್ಣದ ಕಾರ್ಖಾನೆಯ ನೀರು ಕ್ಷಾರ, ಉಪ್ಪೂ ಜಾಸ್ತಿ. ಅಣಬೆಯ ಲ್ಯಾಕೇಸಿಗೆ ಹಿತವಾಗುವುದು ಹುಳಿ. ಬಿಡಿ ಕಿಣ್ವ ಹರಿವ ನೀರಿನೊಂದಿಗೇ ಕೊಚ್ಚಿಹೋಗುತ್ತದೆ, ಪ್ರತಿದಿನ ಹೊಸದನ್ನು ಸುರಿಯುವ ಖರ್ಚು ಯಾರಿಗೂ ಗಿಟ್ಟುವುದಿಲ್ಲ. ಹಾಗಾಗಿ ಕಿಣ್ವವನ್ನೋ ಜೀವಕೋಶವನ್ನೋ ಒಂದೆಡೆ ಕಟ್ಟಿಹಾಕುವ ಯತ್ನಗಳು ಶುರುವಾದವು. ಕಲಬುರಗಿಯ ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿ ಟಿ. ಬಿ. ಕರೇಗೌಡರ ತಂಡ ಸ್ಯೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಪಾಲಿಯುರೆಥೇನ್ ಸ್ಪಂಜಿನಲ್ಲಿ ನೆಲೆಗೊಳಿಸಿತು. 2001ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ, ಸ್ಪಂಜಿನೊಳಗಿನ ಕೋಶಗಳು ನುಸಿಗುಳಿಗೆಯ ನ್ಯಾಫ್ತಲೀನನ್ನು ಬಿಡಿ ಕೋಶಗಳಿಗಿಂತ ಬೇಗ ಮುರಿದವು, ಮತ್ತೆ ಮತ್ತೆ ಬಳಸಲೂ ಬಂದವು.