ತಾನಾಗಿ ಬರಿದಾಗುವ ಗುಂಡಿ: ಸೆಪ್ಟಿಕ್ ತೊಟ್ಟಿಯ ಚರಿತ್ರೆಯ ವಿಮರ್ಶೆ

ಒಂದು ವಸ್ತುವಿಗೆ ಇಟ್ಟ ಹೆಸರೇ ಅದರ ಸ್ವರೂಪವನ್ನು ಮರೆಯಿಸಿಬಿಡುವುದು ಶಾಸ್ತ್ರವ್ಯವಹಾರದಲ್ಲಿ ಅಪೂರ್ವವೇನಲ್ಲ. ಫ್ರಾನ್ಸ್ ದೇಶದ ವೆಸೂಲ್ ಎಂಬ ಊರಿನಲ್ಲಿದ್ದ ಝಾಂ ಲೂಯಿ ಮೂರಾಸ್ ಎಂಬವನು ಸುಮಾರು 1860ರಲ್ಲಿ ಮನೆಯೊಂದಕ್ಕೆ ಕಟ್ಟಿಸಿದ ಮಲಗುಂಡಿಯು, ‘ತಾನಾಗಿಯೇ ಬರಿದುಮಾಡಿಕೊಳ್ಳುವ ಯಂತ್ರ’ವೆಂಬ ಅರ್ಥದ ಹೆಸರಿನಿಂದ 1881ರಲ್ಲಿ ಲೋಕಕ್ಕೆ ಪರಿಚಿತವಾಯಿತು. ಈಗ ಸೆಪ್ಟಿಕ್ ಟ್ಯಾಂಕು ಎಂದು ಮನೆಮನೆಯಲ್ಲಿಯೂ ಬಳಕೆಯಲ್ಲಿರುವ ತೊಟ್ಟಿಗೆ ಅದೇ ಮೂಲವೆಂದು ಹೇಳುವರು. ಅದು ತಾನಾಗಿ ಬರಿದಾಗುವುದೆಂಬ ಮಾತು ಎಷ್ಟರಮಟ್ಟಿಗೆ ನಿಜ, ನಿಜವಲ್ಲವಾದರೆ ಉಳಿದುದನ್ನು ತೆಗೆದವರು ಯಾರು ಎಂಬುದೇ ಇಲ್ಲಿಯ ವಿಚಾರ.

ಮನೆಯ ಮಲಜಲಗಳಿಗೆ ಮನೆಯ ಬಳಿಯಲ್ಲಿಯೇ ಎಡೆಮಾಡುವ ಯೋಚನೆಯು ಬಹು ಪ್ರಾಚೀನವಾದುದು. ಮೊಹೆಂಜೊದಾರೊವಿನ ಚರಂಡಿಗಳ ನಡುನಡುವೆ ಮಡ್ಡಿ ನಿಲ್ಲಲೆಂದು ಕಟ್ಟಿದ ಇಟ್ಟಿಗೆಯ ಗುಂಡಿಗಳನ್ನು ಭೂಶೋಧಕರು ಕಂಡಿದ್ದಾರೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ, ಮನೆಕಟ್ಟಿನ ನಿಯಮಗಳನ್ನು ಹೇಳುವಾಗ, ಅವಸ್ಕರವನ್ನೂ ನೀರ ಕಾಲುವೆಯನ್ನೂ ಬಾವಿಯನ್ನೂ ಮನೆಗೆ ಉಚಿತವಾದ ಸ್ಥಳದಲ್ಲಲ್ಲದೆ ಮಾಡಕೂಡದೆಂದು ವಿಧಿಸಿ, ಬಾಣಂತಿಗಾಗಿ ತೋಡಿದ ಗುಂಡಿಗೆ ಮಾತ್ರ ಹತ್ತು ದಿನಗಳ ವಿನಾಯಿತಿಯನ್ನು ಕೊಟ್ಟಿದೆ. ಅವಸ್ಕರವೆಂಬ ಈ ಶಬ್ದದ ಸಾಧನೆಗಾಗಿಯೇ ಪಾಣಿನಿಯು ಆರನೆಯ ಅಧ್ಯಾಯದಲ್ಲಿ ಒಂದು ಸೂತ್ರವನ್ನು ಮೀಸಲಾಗಿಟ್ಟಿರುವನು. ವೈಯಾಕರಣನು ಶಬ್ದಕ್ಕೂ, ಅರ್ಥಶಾಸ್ತ್ರಕಾರನು ಸ್ಥಳಕ್ಕೂ ನಿಯಮವನ್ನು ಮಾಡಿದರು. ತುಂಬಿದ ಅವಸ್ಕರವನ್ನು ಬರಿದುಮಾಡುವವನ ಪ್ರಸ್ತಾಪವು ಆ ಎರಡು ಸ್ಥಳಗಳಲ್ಲಿಯೂ ಇಲ್ಲ.

ಮೂರಾಸನ ಗುಂಡಿಯ ರಚನೆ ಸರಳವಾದುದು. ನೀರು ಸೋರದಂತೆ ಕಟ್ಟಿ ಮೇಲೆ ಮುಚ್ಚಿದ ತೊಟ್ಟಿ; ಒಳಬರುವ ಕೊಳವೆಯ ಬಾಯಿಯೂ ಹೊರಹೋಗುವ ಕೊಳವೆಯ ಬಾಯಿಯೂ ನೀರಿನೊಳಗೆ ಮುಳುಗಿರುತ್ತವೆ. ಒಳಗೆ ಎಷ್ಟು ಬಂದಿತೋ ಅಷ್ಟೇ ಹೊರಗೆ ಹೋಗಬೇಕು. ಕೆಲವು ವರ್ಷಗಳ ಮೇಲೆ ತೆರೆದು ನೋಡಿದಾಗ ಘನವಸ್ತುವು ಎಣಿಸಿದ್ದಕ್ಕಿಂತ ಬಹಳ ಕಡಮೆಯಾಗಿದ್ದಿತು. ಆಬೆ ಮುವಾನ್ಯೊ ಎಂಬ ವಿದ್ವಾಂಸನು ತನ್ನ ವಿಜ್ಞಾನಪತ್ರಿಕೆಯಲ್ಲಿ ಇದನ್ನು ಹೊಗಳಿ ಬರೆದು, ಗಾಳಿಯಿಲ್ಲದೆಡೆಯಲ್ಲಿ ಬಾಳುವ ಸೂಕ್ಷ್ಮಜೀವಿಗಳೆಂದು ಪಾಶ್ಚರನು ತೋರಿಸಿಕೊಟ್ಟಿದ್ದವುಗಳೇ ಇದಕ್ಕೆ ಕಾರಣವಾಗಿರಬಹುದೇ ಎಂದು ಊಹಿಸಿದನು. ಆ ಊಹೆ ಸರಿಯಾಗಿದ್ದಿತು. ಹೊಗಳಿಕೆಯ ಮಾತು ಮಾತ್ರ ಅಳತೆಯನ್ನು ಮೀರಿತು.

ಸೆಪ್ಟಿಕ್ ಎಂಬ ಹೆಸರು ಬಂದುದು ಇಂಗ್ಲೆಂಡಿನ ಎಕ್ಸೆಟರ್ ನಗರದಿಂದ. ಅಲ್ಲಿಯ ನಗರಸರ್ವೇಯರ್ ಡೊನಾಲ್ಡ್ ಕ್ಯಾಮರನ್ 1895–96ರಲ್ಲಿ ಮುಚ್ಚಿದ ತೊಟ್ಟಿಯೊಂದನ್ನು ಕಟ್ಟಿಸಿ, ಕೊಳೆಯಿಸುವುದು ಎಂಬರ್ಥದ ಗ್ರೀಕ್ ಶಬ್ದದಿಂದ ಅದಕ್ಕೆ ಹೆಸರಿಟ್ಟನು. ಕನ್ನಡಿಗರು ಗಾಯವು ಸೆಪ್ಟಿಕ್ ಆಯಿತೆನ್ನುವಾಗ ಆಡುವುದೂ ಇದೇ ಶಬ್ದವನ್ನು. ಗಾಯದಲ್ಲಿ ಹಾನಿಯಾದ ಕ್ರಿಯೆಯು ತೊಟ್ಟಿಯಲ್ಲಿ ಉಪಕಾರವಾಯಿತು. ಕ್ಯಾಮರನ್ನನ ಪೇಟೆಂಟು ಅಮೆರಿಕದಲ್ಲಿ ದೊಡ್ಡ ವ್ಯಾಜ್ಯಕ್ಕೆ ಎಡೆಗೊಟ್ಟಿತು. 1908ರಲ್ಲಿ ಸರಟೋಗ ಸ್ಪ್ರಿಂಗ್ಸ್ ಊರಿನ ವಿರುದ್ಧ ತೀರ್ಪಾಗಲು, ತೊಟ್ಟಿಗಳನ್ನು ಕಟ್ಟಿಸಿದ್ದ ಊರುಗಳೆಲ್ಲ ಹಣ ತೆರಬೇಕಾದೀತೆಂದು ಹೆದರಿದವು. 1913ರಲ್ಲಿ ನಾಕ್ಸ್‌ವಿಲ್ ನಗರದ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕಿನ ಅವಧಿಯು ಇಂಗ್ಲೆಂಡಿನ ಮೂಲ ಪೇಟೆಂಟಿನೊಡನೆಯೇ ಮುಗಿದಿತ್ತೆಂದು ನಿರ್ಣಯಿಸಿತು. ಕೊಳೆಯುವಿಕೆಯ ಮೇಲೂ ಒಡೆತನವನ್ನು ಸಾಧಿಸಹೊರಟುದು ವಿನೋದವೇ ಸರಿ.

ಇಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಪಾಠದೋಷವನ್ನು ವಿಚಾರಿಸಬೇಕಾಗಿದೆ. ಮಲಜಲದಿಂದ ಉರಿಯುವ ಅನಿಲವನ್ನು ಪಡೆದ ಜಗತ್ತಿನ ಮೊದಲ ಸ್ಥಾವರವು ಮುಂಬಯಿಯ ಕುಷ್ಠರೋಗಿಗಳ ಆಶ್ರಮದಲ್ಲಿ 1859ರಲ್ಲಿ ಕಟ್ಟಲ್ಪಟ್ಟಿತೆಂದು ಅನೇಕ ಗ್ರಂಥಗಳಲ್ಲಿ ಬರೆದಿದೆ. ಇದು ನಿಜವಾದರೆ ಮೂರಾಸನಿಗಿಂತಲೂ ಮೊದಲಿನ ಗೌರವವು ಭಾರತಕ್ಕೆ ಸಲ್ಲುವುದು. ಸ್ವದೇಶಾಭಿಮಾನಿಗಳು ಅದನ್ನು ಮತ್ತೆ ಮತ್ತೆ ಎತ್ತಿ ಹೇಳುವುದಕ್ಕೆ ಅದೇ ಕಾರಣ. ಆದರೆ ಮಾಟುಂಗದ ಆ ಆಶ್ರಮವು ಮುನಿಸಿಪಲ್ ಕಮಿಷನರ್ ಆಕ್‌ವರ್ತನ ಪ್ರಯತ್ನದಿಂದ ತೆರೆದುದೇ 1890ರಲ್ಲಿ. ಇಲ್ಲದ ಮನೆಗೆ ತೊಟ್ಟಿ ಎಲ್ಲಿಯದು? ಇದಕ್ಕಿಂತ ಹಳೆಯದಾದ ಬರೆಹಗಳು 1897 ಎಂದೇ ಹೇಳುತ್ತವೆ. ಅದು ಎಕ್ಸೆಟರಿನ ತೊಟ್ಟಿಯ ಮರುವರ್ಷಗಳಿಗೆ ಸರಿಹೊಂದುತ್ತದೆ. ಓಲೆಗರಿಯಲ್ಲಿ ಒಬ್ಬ ಲಿಪಿಕಾರನ ತಪ್ಪನ್ನು ಮುಂದಿನವರೆಲ್ಲ ಭಕ್ತಿಯಿಂದ ಕಾಪಾಡುವಂತೆ, ಒಬ್ಬರನ್ನು ನೋಡಿ ಒಬ್ಬರು ಬರೆದುದರಿಂದ 1859 ನಿಂತಿತೆಂದು ತಿಳಿಯುವುದೇ ಯುಕ್ತ. ಮಾಟುಂಗದ ನಿಜವಾದ ಹಿರಿಮೆಗೆ ಇದರಿಂದ ಕುಂದಿಲ್ಲ. ಅಲ್ಲಿಯ ತೊಟ್ಟಿಯಿಂದೆದ್ದ ಅನಿಲವನ್ನು ಹಿಡಿದು ಎಂಜಿನ್ನನ್ನು ನಡೆಯಿಸಿದರೆಂಬುದು ಸಾಮಾನ್ಯವಾದ ಕಾರ್ಯವಲ್ಲ.

ಇನ್ನು ಮೊದಲ ಪ್ರಶ್ನೆ. ತೊಟ್ಟಿಗೆ ಬಂದ ಮಲದಲ್ಲಿ ಭಾರವಾದುದು ತಳಕ್ಕಿಳಿದು ಮಡ್ಡಿಯಾಗುತ್ತದೆ. ಜಿಡ್ಡು ಮೇಲೆ ತೇಲಿ ಪದರವಾಗುತ್ತದೆ. ನಡುವಣ ನೀರು ಹೊರಗೆ ಹರಿಯುತ್ತದೆ. ಆ ನೀರೂ ಶುದ್ಧವಲ್ಲ. ಇಂಗುಗುಂಡಿಯ ಮೂಲಕ ಮಣ್ಣನ್ನು ಹೊಕ್ಕು, ಅಲ್ಲಿಯ ಗಾಳಿಯನ್ನುಂಡು ಬಾಳುವ ಜೀವಿಗಳಿಂದ ಮಿಕ್ಕ ಶುದ್ಧಿಯನ್ನು ಪಡೆಯತಕ್ಕದ್ದು. ಮಡ್ಡಿಯಲ್ಲಿ ಒಂದು ಭಾಗವು ಅನಿಲವಾಗಿಯೂ ಒಂದು ಭಾಗವು ನೀರಾಗಿಯೂ ಮಾರ್ಪಡುವುದು ನಿಜ. ಆದರೆ ಒಂದು ಭಾಗವು ಏನು ಮಾಡಿದರೂ ಕರಗದೆ ಉಳಿದೇ ಉಳಿಯುತ್ತದೆ. ಜರ್ಮನಿಯ ಕಾರ್ಲ್ ಇಮ್ಹಾಫ್ 1906ರ ವೇಳೆಗೆ ಮಡ್ಡಿ ಕೊಳೆಯುವ ಕೋಣೆಯನ್ನು ನೀರು ತಿಳಿಯಾಗುವ ಕೋಣೆಯಿಂದ ಬೇರ್ಪಡಿಸಿದಾಗಲೂ ಆ ಶೇಷವನ್ನು ಹೊರತೆಗೆಯಲು ದಾರಿಯನ್ನು ಇಡಬೇಕಾಯಿತು. ಮನೆಯ ತೊಟ್ಟಿಯನ್ನು ಎರಡು ಮೂರು ವರ್ಷಗಳಿಗೊಮ್ಮೆಯಾದರೂ ಬರಿದುಮಾಡಿಸಬೇಕೆಂದು ತಜ್ಞರು ವಿಧಿಸುವುದು ಈ ಕಾರಣದಿಂದಲೇ. ಹಾಗೆ ಮಾಡದಿದ್ದರೆ ಮಡ್ಡಿಯು ನೀರಿನೊಡನೆ ಹೊರಟು ಇಂಗುಗುಂಡಿಯ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಹತ್ತು ಹದಿನೈದು ವರ್ಷ ತೆರೆಯದೆ ಇದ್ದ ತೊಟ್ಟಿಯನ್ನು ಮನೆಯವರು ಚೆನ್ನಾಗಿ ನಡೆಯುತ್ತಿದೆಯೆಂದು ಮೆಚ್ಚಿಕೊಳ್ಳುವುದುಂಟು. ಅದು ತೊಟ್ಟಿಯಾಗಿ ನಡೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿರುತ್ತದೆ.

ಅದನ್ನು ತೆರೆದವನ ಪಾಡೇ ಬೇರೆ. ಕೊಳೆತ ಮಡ್ಡಿಯನ್ನು ಕೆದಕಿದಾಗ ಏಳುವ ಹೈಡ್ರೊಜನ್ ಸಲ್ಫೈಡ್ ಎಂಬ ವಿಷಾನಿಲವು ಸ್ವಲ್ಪವಿದ್ದಾಗ ದುರ್ಗಂಧದಿಂದ ಎಚ್ಚರಿಸುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸಿ ಕ್ಷಣಮಾತ್ರದಲ್ಲಿ ಕೆಡಹುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಭಾರತದಲ್ಲಿ ಹೀಗೆ ಸತ್ತವರು ಯಾವ ಜಾತಿಗಳವರೆಂಬುದನ್ನು ಹೇಳಬೇಕಾಗಿಲ್ಲ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದರು. 1993ರ ಕೇಂದ್ರ ಶಾಸನವು ಒಣ ಪಾಯಖಾನೆಗಳನ್ನು ನಿಷೇಧಿಸಿತು. ಆದರೂ 2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲವನ್ನು ಸುರಿದುಕೊಂಡು ಪ್ರತಿಭಟಿಸಬೇಕಾಗಿ ಬಂದಿತು. ಬುಟ್ಟಿಯ ಕೆಲಸವು ನಿಂತ ಕಡೆಗಳಲ್ಲಿಯೂ ತೊಟ್ಟಿಯ ಕೆಲಸವು ಅದೇ ಜನರ ಪಾಲಿಗೆ ಬಿದ್ದಿತು.

2013ರ ಶಾಸನವು ಸೆಪ್ಟಿಕ್ ತೊಟ್ಟಿಯನ್ನು ಹೆಸರಿಸಿತು. ಆದರೆ ಅದರ ಲಕ್ಷಣವಾಕ್ಯವನ್ನು ಶಾಸ್ತ್ರರೀತಿಯಿಂದ ಪರೀಕ್ಷಿಸಿದರೆ ಅವ್ಯಾಪ್ತಿದೋಷವು ಕಾಣುತ್ತದೆ. ಅಲ್ಲಿ ನಿಷಿದ್ಧವಾದುದು ‘ಅಪಾಯಕರ ಶುಚಿಕಾರ್ಯ’; ಅದರ ಲಕ್ಷಣವಾದರೋ, ಕೆಲಸ ಮಾಡಿಸುವವನು ರಕ್ಷಣಾಸಾಧನಗಳನ್ನು ಕೊಡದೆ, ಎಚ್ಚರಿಕೆಗಳನ್ನು ಪಾಲಿಸದೆ ಕೈಯಿಂದ ಮಾಡಿಸುವ ಕೆಲಸ ಎಂಬುದು. ಆದುದರಿಂದ ಸಾಧನಗಳನ್ನು ಕೊಟ್ಟು ಮನುಷ್ಯನನ್ನು ಇಳಿಸುವುದು ನಿಷೇಧದ ಹೊರಗೆ ಉಳಿಯಿತು. ಸಾಧನವೆಂದು ಕೊಟ್ಟುದು ಕೈಚೀಲವಷ್ಟೇ ಆಗಿದ್ದರೂ ವಾದಕ್ಕೆ ಅವಕಾಶವುಂಟು. 1993ರಿಂದೀಚೆಗೆ ಹೀಗೆ ಸತ್ತವರ ಕುಟುಂಬಗಳಿಗೆ ಹತ್ತು ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆಜ್ಞಾಪಿಸಿ, 2023ರಲ್ಲಿ ಮತ್ತೊಂದು ಮೊಕದ್ದಮೆಯಲ್ಲಿ ಆ ಮೊತ್ತವನ್ನು ಮೂವತ್ತು ಲಕ್ಷಕ್ಕೆ ಏರಿಸಿತು.

ಮಡ್ಡಿಯನ್ನು ಲಾರಿಯ ಪಂಪಿನಿಂದ ಹೀರಿ ತೆಗೆಯುವ ಪದ್ಧತಿಯು ಕರ್ನಾಟಕದ ಊರುಗಳಲ್ಲಿ ಈಗ ಹಬ್ಬಿದೆ. ಹೀರಿದುದನ್ನು ಕೆರೆಯಂಗಳಕ್ಕೋ ಹಳ್ಳಕ್ಕೋ ಸುರಿಯುವುದು ಮೊದಲ ಮಾರ್ಗವಾಗಿದ್ದಿತು. 2015ರಲ್ಲಿ ದೇವನಹಳ್ಳಿಯಲ್ಲಿ ಅದನ್ನು ಸಂಸ್ಕರಿಸಿ, ಒಣಗಿಸಿ, ಗೊಬ್ಬರ ಮಾಡುವ ಕೇಂದ್ರವು ಆರಂಭವಾಯಿತು. ಊರಿನ ಮನೆಗಳ ತೊಟ್ಟಿಗಳಿಂದ ಲಾರಿಯು ತಂದ ಮಡ್ಡಿಯು ಅಲ್ಲಿ ಇಳಿಯುತ್ತದೆ.