ಗಾಳಿ ತುಂಬುವ ಲೈಫ್ ಜಾಕೆಟ್: ನೀರಿಗಿಳಿಯುವ ಮುನ್ನ ತಪಾಸಣೆ ಹೇಗೆ?

ಮಹಾರಾಷ್ಟ್ರದ ಅಕ್ಕಲಕೋಟೆ ತಾಲೂಕಿನ ದುಧನಿ, ಕನ್ನಡ ಮಾತಾಡುವ ಗಡಿ ಊರು. ಅಲ್ಲಿಂದ ಸಮುದ್ರ ಬಹಳ ದೂರ, ದೋಣಿ ದುರಂತ ಮಾತ್ರ ಅಷ್ಟು ದೂರವಲ್ಲ. 2024ರ ಮೇ 21ರಂದು ಅದೇ ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದ ಹಿನ್ನೀರಿನಲ್ಲಿ ಬಿರುಗಾಳಿಗೆ ದೋಣಿ ಮಗುಚಿ ಆರು ಮಂದಿ ಮೃತಪಟ್ಟರು. ನಮ್ಮ ಕಾರವಾರದಲ್ಲೂ 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ಪ್ರಾಣ ಕಳೆದುಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ಲೈಫ್ ಜಾಕೆಟ್ ಇತ್ತಾ ಎಂದು ಕೇಳುತ್ತೇವೆ. ಇದ್ದ ಜಾಕೆಟ್ ಕೆಲಸ ಮಾಡುತ್ತಿತ್ತಾ ಅಂತ ಕೇಳುವವರು ಕಡಿಮೆ.

ಫೋಮ್ ತುಂಬಿದ ದಪ್ಪ ಜಾಕೆಟ್ ಬಟ್ಟೆ ಹರಿದರೂ ಸ್ವಲ್ಪ ತೇಲಿಸುತ್ತದೆ. ಗಾಳಿ ತುಂಬುವುದು ಹಾಗಲ್ಲ. ಅದರೊಳಗೆ ಒಂದು ಚೀಲ, ಕಾರ್ಬನ್ ಡೈಆಕ್ಸೈಡ್ ತುಂಬಿದ ಪುಟ್ಟ ಸಿಲಿಂಡರ್ ಇರುತ್ತದೆ. ಹಗ್ಗ ಎಳೆದರೆ ಸೂಜಿ ಸಿಲಿಂಡರಿನ ಮೂತಿಗೆ ತೂತು ಮಾಡಿ ಚೀಲ ಉಬ್ಬುತ್ತದೆ. ಆಟೋಮ್ಯಾಟಿಕ್ ಜಾಕೆಟ್‌ಗಳಲ್ಲಿ ಹೆಚ್ಚಿನವಕ್ಕೆ ನೀರು ತಾಗಿದರೆ ಕರಗುವ ಒಂದು ಬಿಲ್ಲೆ ಇರುತ್ತದೆ. ಅದು ಕರಗಿದ ಕೂಡಲೇ ಸ್ಪ್ರಿಂಗ್ ಸೂಜಿಯನ್ನು ತಳ್ಳುತ್ತದೆ. ಹಗ್ಗ ಎಳೆಯುವ ವ್ಯವಸ್ಥೆಯೂ ಅದರಲ್ಲಿ ಜೊತೆಗಿರುತ್ತದೆ.

ಖಾಲಿ ಸಿಲಿಂಡರೂ ತುಂಬಿದ ಸಿಲಿಂಡರೂ ನೋಡಲು ಒಂದೇ ತರ. ಬಿಚ್ಚಿ ಮೂತಿ ನೋಡಿ, ತೂತಿದ್ದರೆ ಮುಗಿಯಿತು, ಅದನ್ನು ಬದಲಿಸಲೇಬೇಕು. ತೂತಿಲ್ಲದಿದ್ದರೂ ತೂಕ ಮಾಡಿ. ಒಟ್ಟು ತೂಕವನ್ನು ಸಿಲಿಂಡರಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ದೊಡ್ಡವರ 150 ನ್ಯೂಟನ್ ಜಾಕೆಟ್‌ನಲ್ಲಿ ಸಾಮಾನ್ಯವಾಗಿ 33 ಗ್ರಾಂ ಅನಿಲ ಇರುವುದು, ಹಾಗಾಗಿ ತರಕಾರಿ ತೂಗುವ ತಕ್ಕಡಿ ಇದಕ್ಕೆ ಸಾಲದು. ಬಂಗಾರದ ಅಂಗಡಿಯಲ್ಲಿ ಕೇಳಿದರೆ ತೂಗಿ ಕೊಡುತ್ತಾರೆ. ತುಕ್ಕು ಹಿಡಿದದ್ದನ್ನು ತೂಗುವುದೂ ಬೇಡ, ಎಸೆಯಿರಿ.

ಸಿಲಿಂಡರ್ ಬಿಚ್ಚಿರುವಾಗಲೇ ಚೀಲ ಪರೀಕ್ಷಿಸಿ. ಬಾಯಿಂದ ಊದುವ ಕೊಳವೆಗೆ ಸಣ್ಣ ಪಂಪ್ ಹಿಡಿದು ಗಟ್ಟಿಯಾಗುವಷ್ಟು ಗಾಳಿ ತುಂಬಿ, ಒಂದು ರಾತ್ರಿ ಬಿಡಿ. ಬೆಳಗ್ಗೆ ಮೆತ್ತಗಾಗಿದ್ದರೆ ಸೋರಿಕೆ ಇದೆ ಅಂತ ಅರ್ಥ. ಮನೆಯಲ್ಲಿ ಸೈಕಲ್ ಟ್ಯೂಬಿನ ತೇಪೆ ಹಾಕಿ ಬಳಸಬೇಡಿ, ತಯಾರಕರ ಸರ್ವಿಸ್ ಕೇಂದ್ರಕ್ಕೆ ಕೊಡಿ. ಗಾಳಿ ಪೂರ್ತಿ ತೆಗೆದ ನಂತರವೇ ಸಿಲಿಂಡರನ್ನು ಕೈಯಲ್ಲಿ ಬಿಗಿಯಾಗಿ ತಿರುಗಿಸಿ ಕೂರಿಸಿ. ಬಿಲ್ಲೆಯ ದಿನಾಂಕ, ಬಕಲ್, ಹೊಲಿಗೆ, ಸೀಟಿ ಇವನ್ನೂ ನೋಡಿಕೊಳ್ಳಿ.

ಕರಾವಳಿಯವರಿಗೆ ಇನ್ನೊಂದು ತಲೆನೋವು ಮಳೆಗಾಲ. ದೋಣಿಯ ಪೆಟ್ಟಿಗೆಯಲ್ಲಿ ತೇವ ಹಿಡಿದರೆ ಬಿಲ್ಲೆ ತನ್ನಿಂದ ತಾನೇ ಕರಗಿ ಜಾಕೆಟ್ ಉಬ್ಬೀತು. ಉಪ್ಪುನೀರು ತಾಗಿದ್ದರೆ ಬಿಲ್ಲೆ, ಸಿಲಿಂಡರ್ ತೆಗೆದು ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಹ್ಯಾಂಗರಿಗೆ ಹಾಕಿ ಒಣಗಿಸಿ. ಡೀಸೆಲ್ ಕ್ಯಾನ್ ಪಕ್ಕ ಇಡಬೇಡಿ.

ಗಲ್ಫ್‌ನಿಂದ ಊರಿಗೆ ತರುವವರು ಸಿಲಿಂಡರಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಮೊದಲೇ ಪಡೆಯಬೇಕು. ಮಕ್ಕಳಿಗೆ ಮಾತ್ರ ಇದು ಬೇಡ, ಅವರ ಅಳತೆಯ ಫೋಮ್ ಜಾಕೆಟ್ಟೇ ಇರಲಿ. ಅಮೆರಿಕದ ಕೋಸ್ಟ್ ಗಾರ್ಡ್ ಕೂಡ ಗಾಳಿ ತುಂಬುವ ಜಾಕೆಟ್‌ಗಳನ್ನು 16 ವರ್ಷ ತುಂಬಿದವರಿಗೇ ಎಂದು ಹೇಳುತ್ತದೆ.